ಕಿಣ್ವ

ಜೀವಕೋಶಗಳ ರಾಸಾಯನಿಕ ಕ್ರಿಯೆಗಳನ್ನು ತೀವ್ರಗೊಳಿಸಿಯೂ ತಾನು ವ್ಯಯವಾಗದೆ ಉಳಿಯುವ, ಬಹುಮಟ್ಟಿಗೆ ಪ್ರೋಟೀನಿನಿಂದಾದ ವಸ್ತುವಿಗೆ ಕನ್ನಡದಲ್ಲಿ ರೂಢವಾಗಿರುವ ‘ಕಿಣ್ವ’ ಪದವು ಸಂಸ್ಕೃತದಿಂದ ಬಂದುದು. ಅಲ್ಲಿ ಅದರ ಅರ್ಥ ಮದ್ಯವನ್ನು ಹುದುಗಿಸುವ ದ್ರವ್ಯ. ಅದನ್ನು ಉದ್ದು ಮತ್ತು ಅಕ್ಕಿಯಿಂದ (ದೋಸೆಹಿಟ್ಟಿನ ನಾಡಿಗೆ ಈ ಜೋಡಿ ಹೊಸದಲ್ಲ) ಸಿದ್ಧಪಡಿಸುವ ಕ್ರಮವನ್ನು ಕೌಟಿಲ್ಯನ ಅರ್ಥಶಾಸ್ತ್ರವು ಹೇಳುತ್ತದೆ. ಜರ್ಮನಿಯ ವಿಲ್ಹೆಲ್ಮ್ ಕ್ಯೂನೆ 1870ರ ದಶಕದಲ್ಲಿ ಟಂಕಿಸಿದ ‘ಎಂಜೈಮ್’ ಪದಕ್ಕೂ ಗ್ರೀಕ್ ಮೂಲದಲ್ಲಿ ‘ಯೀಸ್ಟಿನೊಳಗೆ’ ಎಂಬ ಅರ್ಥವಿರುವುದರಿಂದ ಕನ್ನಡದ ಆಯ್ಕೆ ಸಮರ್ಪಕವೇ ಆಗಿದೆ. ಕ್ರಿಯೆಯು ಆರಂಭವಾಗಲು ಬೇಕಾದ ಕನಿಷ್ಠ ಶಕ್ತಿಯನ್ನು, ಅಂದರೆ ಸಕ್ರಿಯಣ ಶಕ್ತಿಯನ್ನು, ಕಿಣ್ವವು ತಗ್ಗಿಸುವುದರಿಂದ, ಕೆಂಪು ರಕ್ತಕಣದ ಕಾರ್ಬಾನಿಕ್ ಅನ್‌ಹೈಡ್ರೇಸಿನ ಒಂದೇ ಅಣು ಸೆಕೆಂಡಿಗೆ ಸುಮಾರು 10 ಲಕ್ಷ ಇಂಗಾಲದ ಡೈಆಕ್ಸೈಡ್ ಅಣುಗಳನ್ನು ನೀರಿನೊಡನೆ ಕೂಡಿಸಬಲ್ಲದು. ಬೆಂಗಳೂರಿನಲ್ಲಿ 1978ರಲ್ಲಿ ಆರಂಭವಾದ ಬಯೋಕಾನ್ ಸಂಸ್ಥೆಯ ಮೊದಲ ಉತ್ಪನ್ನಗಳಲ್ಲಿ ಪರಂಗಿಕಾಯಿಯ ಹಾಲಿನಿಂದ ಪಡೆಯುವ, ಪ್ರೋಟೀನನ್ನು ಒಡೆಯುವ ಪಪೈನ್ ಕಿಣ್ವವೂ ಒಂದು.