ಜೋರಾಗಿ ಕೂಗಿದರೆ ಹಿಮಕುಸಿತ ಆಗುತ್ತದೆಯೇ? ಕಡಿದಾದ ಹಿಮದ ಕೊರಕಲಿನ ಬಗ್ಗೆ ಹರಿದಾಡುವ 5 ಮಾತುಗಳು

ಎರಡು ಕಡೆ ಬಂಡೆಯ ಗೋಡೆ, ನಡುವೆ ನೇರವಾಗಿ ಇಳಿಯುವ ಹಿಮದ ಬಿಳಿ ಪಟ್ಟಿ. ಅದರೊಳಗೆ ಸ್ಕೀ ಕಟ್ಟಿಕೊಂಡ ಒಬ್ಬ ಪುಡಿ ಹಿಮವನ್ನು ಚಿಮ್ಮಿಸುತ್ತಾ ಜಾರಿ ಬರುತ್ತಾನೆ. ಚಳಿಗಾಲ ಬಂತೆಂದರೆ ಇಂಥ ವಿಡಿಯೋಗಳು ಮೊಬೈಲಿನಿಂದ ಮೊಬೈಲಿಗೆ ಓಡುತ್ತವೆ. ಜೊತೆಗೆ ಒಂದು ಸಾಲು ಇದ್ದೇ ಇರುತ್ತದೆ: "ಇಲ್ಲಿ ಜೋರಾಗಿ ಕೆಮ್ಮಿದರೂ ಸಾಕು, ಇಡೀ ಬೆಟ್ಟ ಕುಸಿಯುತ್ತದೆ!" ಇದರಲ್ಲಿ ಎಷ್ಟು ನಿಜ? ಒಂದೊಂದಾಗಿ ನೋಡೋಣ.

ಮೊದಲು ಒಂದು ಪದದ ವಿಚಾರ. ನಮ್ಮ ಪತ್ರಿಕೆಗಳಲ್ಲಿ ಆಕಾಶದಿಂದ ಹಿಮ ಬೀಳುವುದಕ್ಕೂ "ಹಿಮಪಾತ", ಬೆಟ್ಟದ ಹಿಮ ಜರಿದು ಬರುವುದಕ್ಕೂ "ಹಿಮಪಾತ" ಎಂದೇ ಬರೆಯುವುದುಂಟು. ಗೊಂದಲ ಬೇಡ ಎಂದು ಇಲ್ಲಿ ಎರಡನೆಯದನ್ನು ಹಿಮಕುಸಿತ ಎಂದು ಕರೆದಿದ್ದೇವೆ.

ಏನಿದು ಕೊರಕಲು?

ಫ್ರೆಂಚರು ಇದನ್ನು "ಕುಲ್ವಾರ್" ಎನ್ನುತ್ತಾರೆ. ಆ ಪದದ ಅರ್ಥ ಓಣಿ, ಹಾದಿ. ಪರ್ವತದ ಮೈಯಲ್ಲಿ ಬಂಡೆಗಳ ನಡುವೆ ಇರುವ ಕಿರಿದಾದ, ಕಡಿದಾದ ಕೊರಕಲು ಇದು. ಫ್ರಾನ್ಸಿನ ಶಾಮೊನಿ ಊರಿನ ಸುತ್ತಲಿನ ಪರ್ವತಗಳಲ್ಲಿ ಇವು ಸಾಕಷ್ಟಿವೆ. ಎಡ್ವರ್ಡ್ ವಿಂಪರ್ ಎಂಬ ಇಂಗ್ಲಿಷ್ ಪರ್ವತಾರೋಹಿ 1865ರಲ್ಲಿ ಇಂಥದ್ದೇ ಕೊರಕಲು ಹಿಡಿದು ಎಗ್ವಿ ವೆರ್ತ್ ಶಿಖರವನ್ನು ಮೊದಲ ಬಾರಿಗೆ ಏರಿದರು. ನೂರು ವರ್ಷಗಳ ನಂತರ ಸ್ವಿಟ್ಜರ್ಲೆಂಡಿನ ಸಿಲ್ವಾಂ ಸೋದಾಂ ಅದೇ ಊರಿನ ಬೆಟ್ಟಗಳಲ್ಲಿ 1967ರಲ್ಲಿ ಸ್ಪೆನ್ಸರ್ ಕೊರಕಲನ್ನು, 1968ರಲ್ಲಿ ವಿಂಪರ್ ಕೊರಕಲನ್ನು ಸ್ಕೀಯಲ್ಲೇ ಇಳಿದರು. ಇದೇ ಸೋದಾಂ 1977ರಲ್ಲಿ ಲಡಾಖಿನ 7,135 ಮೀಟರ್ ಎತ್ತರದ ನುನ್ ಶಿಖರದಿಂದಲೂ ಸ್ಕೀ ಮಾಡಿದರು.

ಎಷ್ಟು ಕಡಿದು ಎಂಬ ಅಂದಾಜು ಬೇಕೇ? ನಮ್ಮ ಮನೆಯ ಮೆಟ್ಟಿಲುಗಳ ಇಳಿಜಾರು ಸುಮಾರು 30ರಿಂದ 35 ಡಿಗ್ರಿ. ಇಂಥ ಕೊರಕಲುಗಳು 40ರಿಂದ 50 ಡಿಗ್ರಿ, ಕೆಲವು ಕಡೆ ಇನ್ನೂ ಹೆಚ್ಚು.

ಮಾತು 1: ಕೂಗಿದರೆ ಹಿಮ ಕುಸಿಯುತ್ತದೆ

ತಪ್ಪು. ಸಿನಿಮಾಗಳು ಬೆಳೆಸಿದ ನಂಬಿಕೆ ಇದು.

ಹಿಮ ಏಕೆ ಜರಿಯುತ್ತದೆ ಎಂದು ತಿಳಿಯಲು ಒಂದು ಉದಾಹರಣೆ. ಒಂದು ಹಲಗೆಯ ಮೇಲೆ ಸಕ್ಕರೆ ಹರಡಿ, ಅದರ ಮೇಲೆ ದಪ್ಪ ಪುಸ್ತಕ ಇಡಿ. ಹಲಗೆಯನ್ನು ನಿಧಾನವಾಗಿ ವಾಲಿಸಿ. ಒಂದು ಹಂತದಲ್ಲಿ ಪುಸ್ತಕ ಸರ್ರನೆ ಜಾರುತ್ತದೆ. ಹಿಮವೂ ಹೀಗೆ ಪದರ ಪದರವಾಗಿ ಕೂತಿರುತ್ತದೆ. ಕೆಳಗೆ ಸಕ್ಕರೆಯಂತೆ ಹರಳುಹರಳಾದ, ಒಂದಕ್ಕೊಂದು ಅಂಟದ ದುರ್ಬಲ ಪದರ. ಮೇಲೆ ಗಟ್ಟಿಯಾದ ಹಾಸು. ದುರ್ಬಲ ಪದರ ಒಂದು ಕಡೆ ಮುರಿದರೆ ಬಿರುಕು ಕ್ಷಣದಲ್ಲಿ ಹಬ್ಬಿ ಇಡೀ ಹಾಸು ಕಳಚಿ ಬರುತ್ತದೆ.

ಆ ಪದರ ಮುರಿಯಲು ಭಾರ ಬೇಕು. ಮನುಷ್ಯನ ಕೂಗು ಹಿಮದ ಮೇಲೆ ಹಾಕುವ ಒತ್ತಡಕ್ಕಿಂತ ಒಬ್ಬ ಸ್ಕೀಯರ್‌ನ ಮೈಭಾರ ಹಾಕುವ ಒತ್ತಡ ನೂರಾರು ಪಟ್ಟು ಹೆಚ್ಚು. ಹೊಸದಾಗಿ ಬಿದ್ದ ಹಿಮ, ಗಾಳಿ ತಂದು ರಾಶಿ ಹಾಕಿದ ಹಿಮ, ಬಿಸಿಲು, ಮೇಲಿಂದ ಕಳಚಿ ಬೀಳುವ ಹಿಮದ ಗಡ್ಡೆ, ಮೇಲೆ ಕಾಲಿಡುವ ಮನುಷ್ಯ: ಇವೇ ನಿಜವಾದ ಕಾರಣಗಳು. ಹಿಮಕುಸಿತಕ್ಕೆ ಸಿಕ್ಕಿಕೊಳ್ಳುವ ಸ್ಕೀಯರ್‌ಗಳ ಪೈಕಿ ಬಹುತೇಕರ ವಿಷಯದಲ್ಲಿ ಕುಸಿತವನ್ನು ಎಬ್ಬಿಸಿದ್ದು ಅವರೇ ಅಥವಾ ಅವರ ಜೊತೆಗಾರರೇ.

"ಹಾಗಾದರೆ ಬಾಂಬ್ ಸಿಡಿಸಿ ಹಿಮ ಬೀಳಿಸುತ್ತಾರಲ್ಲ?" ಎಂದು ನೀವು ಕೇಳಬಹುದು. ಸ್ಕೀ ತಾಣಗಳಲ್ಲಿ ಹಾಗೆ ಮಾಡುವುದು ನಿಜ. ಆದರೆ ಅಲ್ಲಿ ಕೆಲಸ ಮಾಡುವುದು ಹಿಮದ ಹತ್ತಿರದಲ್ಲೇ ಸಿಡಿದ ಸ್ಫೋಟಕದ ಆಘಾತದ ಅಲೆ, ಅದರ ಸದ್ದಲ್ಲ.

ಇನ್ನೊಂದು ವಿಷಯ: ಹಿಮದ ಮೇಲೆ ನಡೆಯುವಾಗ ಕಾಲ ಕೆಳಗಿನಿಂದ "ಧುಂ" ಎಂಬ ಮಂದವಾದ ಸದ್ದು ಬಂದರೆ ಅದು ದುರ್ಬಲ ಪದರ ಕುಸಿದ ಗುರುತು. ತಕ್ಷಣ ಆ ಇಳಿಜಾರು ಬಿಟ್ಟು ಬರಬೇಕು. ನಾವು ಮಾಡುವ ಸದ್ದಿಗೆ ಹೆದರಬೇಕಿಲ್ಲ, ಹಿಮ ಮಾಡುವ ಸದ್ದಿಗೆ ಹೆದರಬೇಕು.

ಮಾತು 2: ಪುಡಿ ಹಿಮ ಹತ್ತಿಯಂತೆ ಹಗುರ, ಮೇಲೆ ಬಿದ್ದರೂ ಏನೂ ಆಗಲ್ಲ

ಅರ್ಧ ಸತ್ಯ. ಹೊಸ ಪುಡಿ ಹಿಮ ನಿಜಕ್ಕೂ ಹಗುರ. ಒಂದು ಘನ ಮೀಟರ್‌ಗೆ 50ರಿಂದ 100 ಕೆಜಿ. ಆದರೆ ಅದು ಜರಿದು, ಉರುಳಿ, ನಿಂತಾಗ ಒತ್ತಿ ಒತ್ತಿ ಘನ ಮೀಟರ್‌ಗೆ 300ರಿಂದ 500 ಕೆಜಿ ಆಗುತ್ತದೆ, ಸಿಮೆಂಟಿನಂತೆ ಬಿಗಿಯುತ್ತದೆ. ಬೆರಳು ಅಲ್ಲಾಡಿಸಲೂ ಆಗದು.

ಲೆಕ್ಕ ಹಾಕಿ. ಒಬ್ಬರು 1 ಮೀಟರ್ ಆಳದಲ್ಲಿ ಹೂತಿದ್ದಾರೆ ಎನ್ನೋಣ. 2 ಮೀಟರ್ ಉದ್ದ, 1 ಮೀಟರ್ ಅಗಲ ಅಗೆಯಬೇಕು. ಘನ ಮೀಟರ್‌ಗೆ 400 ಕೆಜಿ ಎಂದರೂ 800 ಕೆಜಿ ಹಿಮ. ಅಂದರೆ 25 ಕೆಜಿಯ 32 ಅಕ್ಕಿ ಮೂಟೆಗಳಷ್ಟು ಭಾರ! ಗುದ್ದಲಿ ಇಲ್ಲದೆ ಬರಿಗೈಯಲ್ಲಿ ಇದು ಆಗುವ ಕೆಲಸವಲ್ಲ.

ಕೊರಕಲಿನಲ್ಲಿ ಅಪಾಯ ಇನ್ನೂ ಹೆಚ್ಚು. ಮೇಲೆ ಎಲ್ಲಿ ಏನೇ ಜರಿದರೂ ಕೊಳವೆಯಲ್ಲಿ ನೀರು ಬಂದಂತೆ ಈ ಓಣಿಯಲ್ಲೇ ಬರಬೇಕು. ಪಕ್ಕಕ್ಕೆ ಸರಿಯಲು ಜಾಗವಿಲ್ಲ, ಇಕ್ಕೆಲದಲ್ಲೂ ಬಂಡೆ. ಚಿಕ್ಕ ಹಿಮಜಾರು ಕೂಡ ಮನುಷ್ಯನನ್ನು ಬಂಡೆಗೆ ಅಪ್ಪಳಿಸಬಲ್ಲದು.

ಮಾತು 3: ಹಳೆಯ ಸ್ಕೀ ಗುರುತುಗಳಿದ್ದರೆ ಆ ಜಾಗ ಸುರಕ್ಷಿತ

ತಪ್ಪು. ದುರ್ಬಲ ಪದರ ಎಲ್ಲ ಕಡೆ ಒಂದೇ ಆಳದಲ್ಲಿರುವುದಿಲ್ಲ. ಐದು ಜನ ದಾಟಿದ ಮೇಲೆ ಆರನೆಯವನ ಕಾಲಿಗೆ ಅದು ಸಿಗಬಹುದು. ನಿನ್ನೆಯ ಗುರುತು ಇಂದಿನ ಗಾಳಿ, ಇಂದಿನ ಬಿಸಿಲಿನ ಬಗ್ಗೆ ಏನೂ ಹೇಳುವುದಿಲ್ಲ.

ಅದಕ್ಕೇ ಅನುಭವಿಗಳು ಇಳಿಯಬೇಕಾದ ಕೊರಕಲನ್ನು ಹೆಚ್ಚಾಗಿ ಕೆಳಗಿನಿಂದಲೇ ಹತ್ತುತ್ತಾರೆ. ಸ್ಕೀಗಳನ್ನು ಬೆನ್ನಚೀಲಕ್ಕೆ ಕಟ್ಟಿ, ಬೂಟಿಗೆ ಮುಳ್ಳುಪಟ್ಟಿ ಹಾಕಿ, ಕೈಯಲ್ಲಿ ಹಿಮಗೊಡಲಿ ಹಿಡಿದು, ಹಿಮವನ್ನು ಒದ್ದು ಒದ್ದು ಮೆಟ್ಟಿಲು ಮಾಡಿಕೊಳ್ಳುತ್ತಾರೆ. ತೊಡೆ ಮುಳುಗುವ ಪುಡಿ ಹಿಮದಲ್ಲಿ ಇದಕ್ಕೆ ಗಂಟೆಗಟ್ಟಲೆ ಹಿಡಿಯುತ್ತದೆ. ಲಾಭ: ಹಿಮ ಎಲ್ಲಿ ಗಟ್ಟಿ, ಎಲ್ಲಿ ಟೊಳ್ಳು ಎಂದು ಕಾಲಿಗೇ ಗೊತ್ತಾಗುತ್ತದೆ. ನಷ್ಟ: ಅಷ್ಟೂ ಹೊತ್ತು ಅಪಾಯದ ಓಣಿಯಲ್ಲೇ ಇರಬೇಕು. ಹಾಗಾಗಿ ಬಿಸಿಲೇರುವ ಮುನ್ನ, ಕತ್ತಲಲ್ಲೇ ಹೊರಟು, ಬಂಡೆಯ ಬದಿ ಹಿಡಿದು ಹತ್ತುತ್ತಾರೆ. ಇಳಿಯುವಾಗ ಒಬ್ಬೊಬ್ಬರೇ ಇಳಿಯುತ್ತಾರೆ. ಉಳಿದವರು ಬಂಡೆಯ ಮರೆಯಲ್ಲಿ ನಿಂತು ನೋಡುತ್ತಿರುತ್ತಾರೆ.

ವಿಡಿಯೋದಲ್ಲಿ ಕಾಣುವುದು 30 ಸೆಕೆಂಡಿನ ಇಳಿತ ಮಾತ್ರ. ಹವಾಮಾನ ಸರಿಯಿಲ್ಲ ಎಂದು ಅರ್ಧದಿಂದ ವಾಪಸ್ ಬಂದವರ ವಿಡಿಯೋ ಯಾರೂ ಫಾರ್ವರ್ಡ್ ಮಾಡುವುದಿಲ್ಲ.

ಮಾತು 4: ಹನುಮಂತಪ್ಪ ಆರು ದಿನ ಬದುಕಿದ್ದರಲ್ಲ, ಹೆಲಿಕಾಪ್ಟರ್ ಬರುವವರೆಗೆ ಕಾಯಬಹುದು

2016ರ ಫೆಬ್ರವರಿ 3ರಂದು ಸಿಯಾಚಿನ್‌ನಲ್ಲಿ ಹಿಮ ಕುಸಿದು 10 ಯೋಧರು ಹೂತುಹೋದರು. ಧಾರವಾಡ ಜಿಲ್ಲೆ ಕುಂದಗೋಳ ತಾಲ್ಲೂಕಿನ ಬೆಟದೂರಿನ ಲ್ಯಾನ್ಸ್ ನಾಯಕ್ ಹನುಮಂತಪ್ಪ ಕೊಪ್ಪದ ಅವರು ಫೆಬ್ರವರಿ 8ರಂದು ಜೀವಂತವಾಗಿ ಸಿಕ್ಕಾಗ ಇಡೀ ದೇಶ ಪ್ರಾರ್ಥಿಸಿತು. 11ರಂದು ದೆಹಲಿಯ ಸೇನಾ ಆಸ್ಪತ್ರೆಯಲ್ಲಿ ಅವರು ಕೊನೆಯುಸಿರೆಳೆದರು. ಉಳಿದ ಒಂಬತ್ತು ಮಂದಿಯಲ್ಲಿ ಯಾರೂ ಬದುಕುಳಿಯಲಿಲ್ಲ.

ಅವರಿದ್ದ ಡೇರೆಯೊಳಗೆ ಸ್ವಲ್ಪ ಗಾಳಿ ಉಳಿದಿದ್ದರಿಂದ ಇದು ಸಾಧ್ಯವಾಯಿತು ಎಂದು ಆಗ ವಿವರಿಸಲಾಗಿತ್ತು. ಬಯಲಲ್ಲಿ ಹೂತುಹೋದ ಸ್ಕೀಯರ್‌ಗೆ ಡೇರೆ ಇರುವುದಿಲ್ಲ. ಸ್ವಿಟ್ಜರ್ಲೆಂಡಿನ 40 ವರ್ಷಗಳ ದಾಖಲೆಗಳನ್ನು ಪರಿಶೀಲಿಸಿ 2024ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ, ಪೂರ್ತಿ ಹೂತವರನ್ನು 10 ನಿಮಿಷದೊಳಗೆ ಹೊರತೆಗೆದರೆ ಸುಮಾರು 90% ಮಂದಿ ಬದುಕುತ್ತಾರೆ. 30 ನಿಮಿಷ ಕಳೆದರೆ ಬದುಕುವವರು ಮೂವರಲ್ಲಿ ಒಬ್ಬರಷ್ಟೇ. ಮುಖ್ಯ ಕಾರಣ ಚಳಿಯಲ್ಲ, ಉಸಿರುಗಟ್ಟುವುದು.

10 ನಿಮಿಷದಲ್ಲಿ ಹೆಲಿಕಾಪ್ಟರ್ ಬರುವುದಿಲ್ಲ. ಉಳಿಸಬೇಕಾದವರು ಜೊತೆಯಲ್ಲಿರುವವರೇ. ಅದಕ್ಕೇ ಪ್ರತಿಯೊಬ್ಬರ ಬಳಿಯೂ ಮೂರು ವಸ್ತು ಇರಲೇಬೇಕು: 457 ಕಿಲೋಹರ್ಟ್ಸ್ ಸಂಕೇತ ಕಳಿಸುವ ಮತ್ತು ಹಿಡಿಯುವ ಟ್ರಾನ್ಸೀವರ್, ಹಿಮಕ್ಕೆ ಚುಚ್ಚಿ ನೋಡುವ ಉದ್ದನೆಯ ಕೋಲು, ಮತ್ತು ಲೋಹದ ಗುದ್ದಲಿ.

ಮಾತು 5: ಏರ್‌ಬ್ಯಾಗ್ ಚೀಲ ಇದ್ದರೆ ಚಿಂತೆ ಇಲ್ಲ

ಅರ್ಧ ಸತ್ಯ. ಎಳೆದರೆ ಬಲೂನಿನಂತೆ ಉಬ್ಬುವ ಈ ಚೀಲ ಮನುಷ್ಯನನ್ನು ಹಿಮದ ಮೇಲ್ಭಾಗದಲ್ಲಿ ಉಳಿಸಲು ನೆರವಾಗುತ್ತದೆ. 2014ರ ಒಂದು ಅಧ್ಯಯನದಲ್ಲಿ, ಗಂಭೀರವಾಗಿ ಸಿಕ್ಕಿಕೊಂಡವರಲ್ಲಿ ಸಾವಿನ ಪ್ರಮಾಣ 22%ರಿಂದ 11%ಕ್ಕೆ ಇಳಿದದ್ದು ಕಂಡುಬಂತು. ಅಂದರೆ ಅರ್ಧದಷ್ಟು ಉಳಿತಾಯ, ಪೂರ್ತಿ ಅಲ್ಲ. ಬಂಡೆಗಳಿಗೆ ಬಡಿಯುವುದನ್ನು ಅದು ತಪ್ಪಿಸಲಾರದು. ಕೊರಕಲಿನಲ್ಲಿ ಇರುವುದೇ ಬಂಡೆ.

ನಾವು ಗುಲ್ಮಾರ್ಗ್‌ಗೆ ಹೋದರೆ?

ಗೊಂಡೋಲಾ ಏರಿ ಅಫರ್ವಾಟ್ ಬೆಟ್ಟಕ್ಕೆ ಹೋಗುವ ಪ್ರವಾಸಿಗರಲ್ಲಿ ಕನ್ನಡಿಗರೂ ಇದ್ದಾರೆ. ಅಲ್ಲಿ 2023ರ ಫೆಬ್ರವರಿಯಲ್ಲಿ ಪೋಲೆಂಡಿನ ಇಬ್ಬರು, 2024ರ ಫೆಬ್ರವರಿಯಲ್ಲಿ ರಷ್ಯಾದ ಒಬ್ಬ ಸ್ಕೀಯರ್ ಹಿಮಕುಸಿತಕ್ಕೆ ಬಲಿಯಾದರು. ಹಾಗಾಗಿ:

• ಗುರುತು ಹಾಕಿದ ಜಾಗ ಬಿಟ್ಟು ಫೋಟೋಗಾಗಿಯೂ ಆಚೆ ಹೋಗಬೇಡಿ.
• ಭಾರೀ ಹಿಮ ಬಿದ್ದ ನಂತರದ ಒಂದೆರಡು ದಿನ ಹೆಚ್ಚು ಎಚ್ಚರ. ಆಕಾಶ ತಿಳಿಯಾಗಿದೆ ಎಂದರೆ ಹಿಮ ಗಟ್ಟಿಯಾಗಿದೆ ಎಂದಲ್ಲ.
• ಹಿಮಾಲಯಕ್ಕೆ ಡಿಆರ್‌ಡಿಒದ ಡಿಜಿಆರ್‌ಇ ಸಂಸ್ಥೆ ಹಿಮಕುಸಿತದ ಮುನ್ಸೂಚನೆ ಕೊಡುತ್ತದೆ. ಹೊರಡುವ ಮುನ್ನ ವಿಚಾರಿಸಿ.
• ಸ್ಥಳೀಯ ಗೈಡ್ "ಇವತ್ತು ಬೇಡ" ಎಂದರೆ ಬೇಡ.

ಇನ್ನು ಕೆಮ್ಮು ಬಂದರೆ ಧಾರಾಳವಾಗಿ ಕೆಮ್ಮಿ. ಬೆಟ್ಟ ಅದಕ್ಕೆ ಬೀಳುವುದಿಲ್ಲ.