13.8 ವೋಲ್ಟ್ ಎಲ್ಲಿಂದ ಬಂತು? ರೇಡಿಯೋಗೆ ಮನೆಯ ಕರೆಂಟ್ ಕೊಟ್ಟ ಕಥೆ

ಹ್ಯಾಮ್ ರೇಡಿಯೋ ಸೆಟ್ಟಿನ ಹಿಂಭಾಗ ತಿರುಗಿಸಿ ನೋಡಿದರೆ ವೈರ್ ಸಿಕ್ಕಿಸುವ ಜಾಗದ ಪಕ್ಕ ಒಂದು ಸಂಖ್ಯೆ ಇರುತ್ತೆ: ಡಿಸಿ 13.8 ವೋಲ್ಟ್. 12 ಅಲ್ಲ, 15 ಅಲ್ಲ, 13.8. ಮನೆಯ ಗೋಡೆಯಲ್ಲಿ 230 ವೋಲ್ಟ್ ಎಸಿ ಬರುತ್ತೆ. ಅಂಗಡಿಯಲ್ಲಿ ಸಿಗೋ ಬ್ಯಾಟರಿ ಮೇಲೆ 12 ಅಂತ ಬರೆದಿರುತ್ತೆ. ಹಾಗಾದರೆ ಈ 13.8 ಯಾರ ಲೆಕ್ಕ?

ನಾನು ಹ್ಯಾಮ್ ಪರೀಕ್ಷೆ ಪಾಸಾಗಿ ಲೈಸೆನ್ಸ್ ತಗೊಂಡಾಗ ಈ ಪ್ರಶ್ನೆ ಕೇಳಲೇ ಇಲ್ಲ. ಕೇಳಿದ್ದರೆ ನನ್ನ ಮೊದಲ ಸೆಟ್ಟು ಸುಡುತ್ತಿರಲಿಲ್ಲ. ಆ ಕಥೆಗೆ ಆಮೇಲೆ ಬರ್ತೀನಿ.

ಮೊದಲು ಒಂದು ಹಳೇ ಮಾತು. ನಮ್ಮ ಮನೆಯಲ್ಲಿ ಟೇಪ್ ರೆಕಾರ್ಡರಿಗೆ ಚುಚ್ಚುವ ಪುಟ್ಟ ಕಪ್ಪು ಡಬ್ಬಿಗೆ 'ಎಲಿಮಿನೇಟರ್' ಅಂತಿದ್ದರು. ನಿಮ್ಮ ಮನೆಯಲ್ಲೂ ಅಂದಿರಬಹುದು. ಅಡಾಪ್ಟರ್, ಚಾರ್ಜರ್ ಅನ್ನೋ ಮಾತುಗಳು ಬಂದಿದ್ದು ಆಮೇಲೆ. ಎಲಿಮಿನೇಟರ್ ಅಂದರೆ ಇಲ್ಲವಾಗಿಸುವುದು. ಏನನ್ನು ಇಲ್ಲವಾಗಿಸ್ತಿತ್ತು? ಬ್ಯಾಟರಿಯನ್ನು. ಈ ಹೆಸರಿಗೆ ಹತ್ತಿರ ಹತ್ತಿರ ನೂರು ವರ್ಷ.

1920ರ ದಶಕದಲ್ಲಿ ಅಮೆರಿಕದ ಮನೆಗಳಿಗೆ ರೇಡಿಯೋ ಬಂದಾಗ ಅದಕ್ಕೆ ಒಂದಲ್ಲ, ಮೂರು ಥರದ ಬ್ಯಾಟರಿ ಬೇಕಿತ್ತು. ರೇಡಿಯೋ ಒಳಗಿನ ಗಾಜಿನ ವಾಲ್ವುಗಳ ತಂತಿ ಕಾಯಿಸಲು 6 ವೋಲ್ಟಿನ ಆಸಿಡ್ ಬ್ಯಾಟರಿ. ಅದೇ ವಾಲ್ವುಗಳಲ್ಲಿ ಸದ್ದನ್ನು ದೊಡ್ಡದು ಮಾಡಲು 45 ಅಥವಾ 90 ವೋಲ್ಟಿನ ಒಣ ಬ್ಯಾಟರಿ. ವಾಲ್ವು ಹದ ತಪ್ಪದಂತೆ ಹಿಡಿಯಲು ಇನ್ನೊಂದು ಚಿಕ್ಕದು. ಇವಕ್ಕೆ ಎ, ಬಿ, ಸಿ ಅಂತಲೇ ಹೆಸರು. ರೇಡಿಯೋ ಇಟ್ಟ ಕೋಣೆಯಲ್ಲೇ ಆಸಿಡ್ ಬ್ಯಾಟರಿ ಕೂತಿರುತ್ತಿತ್ತು. ಚೆಲ್ಲಿದರೆ ರತ್ನಗಂಬಳಿಗೆ ತೂತು. ಇಂಗ್ಲೆಂಡಿನಲ್ಲಿ 2 ವೋಲ್ಟಿನ ಗಾಜಿನ ಬ್ಯಾಟರಿಯನ್ನು ಕೈಯಲ್ಲಿ ಹಿಡಿದು ಚಾರ್ಜಿಗೆ ಅಂತ ಸೈಕಲ್ ಶಾಪಿಗೆ ಒಯ್ಯೋದು ಮನೆ ಮಕ್ಕಳ ಕೆಲಸ.

ಮನೆಗೆ ಕರೆಂಟ್ ಬಂದಿತ್ತಲ್ಲ, ಅದನ್ನೇ ಯಾಕೆ ಕೊಡಲಿಲ್ಲ? ಯಾಕಂದರೆ ಎಸಿ ಕರೆಂಟ್ ಸೆಕೆಂಡಿಗೆ ಐವತ್ತು, ಅರವತ್ತು ಸಲ ಹಿಂದೆ ಮುಂದೆ ತುಯ್ಯುತ್ತೆ. ಅದನ್ನು ನೇರ ವಾಲ್ವಿಗೆ ಕೊಟ್ಟರೆ ಹಾಡಿನ ಜಾಗದಲ್ಲಿ ಗುಂಯ್ ಅನ್ನೋ ಸದ್ದು.

ಇದನ್ನು ಬಿಡಿಸಿದವರಲ್ಲಿ ಒಬ್ಬ ಕೆನಡಾದ ಟೊರೊಂಟೊದ ಎಡ್ವರ್ಡ್ ರೋಜರ್ಸ್. ಎಸಿಯಲ್ಲಿ ಕಾಯ್ದರೂ ಗುಂಯ್‌ಗುಡದ ವಾಲ್ವನ್ನು ತಿದ್ದಿ ತೀಡಿ, 1925ರಲ್ಲಿ ಬ್ಯಾಟರಿ ಇಲ್ಲದ ರೇಡಿಯೋ ಮಾರಾಟಕ್ಕೆ ತಂದ. 1927ರಲ್ಲಿ ಸಿಎಫ್‌ಆರ್‌ಬಿ ಅನ್ನೋ ರೇಡಿಯೋ ಕೇಂದ್ರವನ್ನೇ ಶುರುಮಾಡಿದ. ಆ ಹೆಸರಿನ ಕೊನೆಯ ಎರಡು ಅಕ್ಷರ ಅಂದರೆ 'ರೋಜರ್ಸ್ ಬ್ಯಾಟರಿಲೆಸ್'. ಬ್ಯಾಟರಿ ಹೋಯ್ತು ಅನ್ನೋದು ಆ ಕಾಲಕ್ಕೆ ಎಷ್ಟು ದೊಡ್ಡ ಸುದ್ದಿ ಅಂತ ಇದರಲ್ಲೇ ಗೊತ್ತಾಗುತ್ತೆ.

ಹಳೇ ರೇಡಿಯೋ ಇದ್ದವರು ಏನು ಮಾಡಬೇಕು? ಅವರಿಗಾಗಿ ಬಂದದ್ದೇ ಬ್ಯಾಟರಿ ಎಲಿಮಿನೇಟರ್. ಗೋಡೆಯ ಎಸಿಯನ್ನು ಡಿಸಿ ಮಾಡಿ, ಬ್ಯಾಟರಿ ಇದ್ದ ಜಾಗಕ್ಕೆ ಕೊಡುವ ಡಬ್ಬಿ. 1928ರಲ್ಲಿ ಶಿಕಾಗೋದಲ್ಲಿ ಪಾಲ್ ಗ್ಯಾಲ್ವಿನ್ ಮತ್ತು ಅವನ ತಮ್ಮ ಜೋಸೆಫ್, ದಿವಾಳಿಯಾದ ಕಂಪನಿಯೊಂದರ ಎಲಿಮಿನೇಟರ್ ಸಾಮಾನನ್ನು ಹರಾಜಿನಲ್ಲಿ ಹಿಡಿದು ಇದನ್ನೇ ಮಾಡಿ ಮಾರಲು ಕೂತರು. ಆದರೆ ಅಷ್ಟರಲ್ಲಿ ನೇರ ಗೋಡೆಗೆ ಚುಚ್ಚುವ ರೇಡಿಯೋಗಳೇ ಬರತೊಡಗಿದ್ದವು. ಎಲಿಮಿನೇಟರ್ ಯಾರಿಗೆ ಬೇಕು? ಅಣ್ಣತಮ್ಮಂದಿರು ಬೇರೆ ದಾರಿ ಹುಡುಕಿದರು. 1930ರಲ್ಲಿ ಕಾರಿನೊಳಗೆ ಕೂರಿಸುವ ರೇಡಿಯೋ ಮಾಡಿ ಅದಕ್ಕೆ 'ಮೊಟೊರೋಲಾ' ಅಂತ ಹೆಸರಿಟ್ಟರು. ಹೌದು, ನಮ್ಮ ಕೈಯಲ್ಲಿದ್ದ ಹಳೇ ಮೊಬೈಲಿನ ಅದೇ ಮೊಟೊರೋಲಾ.

ತಮಾಷೆ ನೋಡಿ. ಮನೆಯಿಂದ ಬ್ಯಾಟರಿ ಓಡಿಸಲು ಅಂಗಡಿ ತೆರೆದವರು ರೇಡಿಯೋವನ್ನು ಮತ್ತೆ ಬ್ಯಾಟರಿ ಹತ್ತಿರವೇ ಒಯ್ದರು. 13.8ರ ಬೇರು ಇರೋದು ಇಲ್ಲೇ.

ಕಾರಿನ ಬ್ಯಾಟರಿ ಮೊದಲು 6 ವೋಲ್ಟಿನದು. 1950ರ ದಶಕದಲ್ಲಿ 12 ವೋಲ್ಟಿಗೆ ಬಂತು. ಅದರೊಳಗೆ ಆರು ಸೆಲ್, ಒಂದೊಂದು ತುಂಬಿದಾಗ ಸುಮಾರು 2.1 ವೋಲ್ಟ್. ಒಟ್ಟು 12.6. ಇಂಜಿನ್ ಓಡುವಾಗ ಬ್ಯಾಟರಿಗೆ ಚಾರ್ಜ್ ತುಂಬಬೇಕಾದರೆ ಅದಕ್ಕಿಂತ ಮೇಲಿನ ಒತ್ತಡದಲ್ಲಿ ತಳ್ಳಬೇಕು: 13.8ರಿಂದ 14.4ರವರೆಗೆ. ಟ್ರಾನ್ಸಿಸ್ಟರ್ ಬಂದಮೇಲೆ ಹ್ಯಾಮ್ ಸೆಟ್ ಮಾಡುವ ಕಂಪನಿಗಳು ಓಡುವ ಕಾರಿನಲ್ಲೂ ಮನೆಯಲ್ಲೂ ಒಂದೇ ಸೆಟ್ ನಡೀಲಿ ಅಂತ 13.8ಕ್ಕೆ ಗಂಟು ಹಾಕಿದವು. ಅಲ್ಲಿಗೆ ಮನೆಯ ಪವರ್ ಸಪ್ಲೈ ಅಂದರೆ ಮೇಜಿನ ಮೇಲೆ ಕಾರ್ ಬ್ಯಾಟರಿಯ ವೇಷ ಹಾಕಿ ಕೂತ ಡಬ್ಬಿ ಅಂತಾಯ್ತು.

ನಮ್ಮಲ್ಲೂ ಮನೆಯಿಂದಲೇ ರೇಡಿಯೋ ಹೊರಟ ಕಥೆ ಇದೆ. 1935ರಲ್ಲಿ ಮೈಸೂರಿನ ಮಹಾರಾಜ ಕಾಲೇಜಿನ ಪ್ರಾಧ್ಯಾಪಕ ಎಂ.ವಿ. ಗೋಪಾಲಸ್ವಾಮಿ ತಮ್ಮ ಮನೆಯಲ್ಲಿ 30 ವಾಟಿನ ಟ್ರಾನ್ಸ್‌ಮಿಟರ್ ಇಟ್ಟು 'ಆಕಾಶವಾಣಿ' ಶುರುಮಾಡಿದರು. ಶಿವನಸಮುದ್ರದ ಕರೆಂಟ್ 1902ರಲ್ಲೇ ಕೋಲಾರದ ಚಿನ್ನದ ಗಣಿಗೆ ಹರಿದಿತ್ತು, ಮೈಸೂರು ನಗರದಲ್ಲೂ ದೀಪ ಬಂದು ವರ್ಷಗಳಾಗಿದ್ದವು. ಕರೆಂಟ್ ಕಂಬ ಬಾರದ ಹಳ್ಳಿಗಳಲ್ಲಿ ಮಾತ್ರ ಬಹಳ ಕಾಲ ಬ್ಯಾಟರಿ ರೇಡಿಯೋವೇ ಗತಿ. ಜಾತ್ರೆಯ ಮೈಕ್ ಸೆಟ್ಟಿನವರು 12 ವೋಲ್ಟ್ ಬ್ಯಾಟರಿ ಹೊತ್ತು ಬರೋದನ್ನು ನಮ್ಮಲ್ಲಿ ಬಹಳ ಜನ ಕಣ್ಣಾರೆ ಕಂಡಿದ್ದೀವಿ.

ಈಗ ಆಂಪ್ಲಿಫೈಯರ್ ವಿಷಯ. ಹ್ಯಾಮ್ ಸೆಟ್ ಸಾಮಾನ್ಯವಾಗಿ 100 ವಾಟ್ ಹೊರಗೆ ಕಳಿಸುತ್ತೆ. ಅದಕ್ಕೆ ಸುಮಾರು 20 ಆಂಪಿಯರ್ ಬೇಕು. ಇನ್ನೂ ದೂರ ಹೋಗಬೇಕು ಅಂತ ಹಿಂದೆ ಒಂದು ಆಂಪ್ಲಿಫೈಯರ್ ಸೇರಿಸಿ 400 ವಾಟ್ ಮಾಡ್ತೀರಿ ಅಂತಿಟ್ಟುಕೊಳ್ಳಿ. ನಮ್ಮ ದೇಶದಲ್ಲಿ ಇದು ಜನರಲ್ ದರ್ಜೆ ಲೈಸೆನ್ಸಿನವರಿಗೆ ಮಾತ್ರ. ಕೊಟ್ಟದ್ದರಲ್ಲಿ ಹೆಚ್ಚು ಕಡಿಮೆ ಅರ್ಧ ಶಾಖವಾಗಿ ಹೋಗುತ್ತೆ, ಹಾಗಾಗಿ ಆಂಪ್ಲಿಫೈಯರಿಗೇ 800 ವಾಟ್ ಕೊಡಬೇಕು. ಕಾರಿನ 13.8ರಲ್ಲೇ ಕೊಟ್ಟರೆ 58 ಆಂಪಿಯರ್. 50 ವೋಲ್ಟಿನಲ್ಲಿ ಕೊಟ್ಟರೆ 16. ಹಳೇ ವಾಲ್ವ್ ಆಂಪ್ಲಿಫೈಯರಿನ 2500 ವೋಲ್ಟಿನಲ್ಲಿ ಆದರೆ ಒಂದು ಆಂಪಿಯರಿನ ಮೂರನೇ ಒಂದು ಭಾಗ!

ಇಡೀ ಇತಿಹಾಸ ಈ ಮೂರು ಸಂಖ್ಯೆ ನಡುವಿನ ಎಳೆದಾಟ. 58 ಆಂಪಿಯರ್ ಹರಿಯುವ ವೈರು ಚೆನ್ನಾಗಿ ದಪ್ಪ ಇರಬೇಕು, ಉದ್ದ ಗೇಣೆರಡು ಗೇಣು ಇದ್ದಷ್ಟೂ ಒಳ್ಳೆಯದು. ತೆಳ್ಳಗಿದ್ದರೆ ಮೈಕಿನಲ್ಲಿ ಮಾತು ಶುರುಮಾಡಿದ ಕೂಡಲೇ ವೋಲ್ಟೇಜ್ ಕುಸಿದು ನಿಮ್ಮ ದನಿ ಒಡೆಯುತ್ತೆ. 2500 ವೋಲ್ಟಿನಲ್ಲಿ ವೈರಿನ ತಲೆನೋವಿಲ್ಲ, ಆದರೆ ಸ್ವಿಚ್ ಆರಿಸಿದ ಮೇಲೂ ಕೆಪಾಸಿಟರಿನಲ್ಲಿ ಕರೆಂಟ್ ಕೂತಿರುತ್ತೆ. ಮುಟ್ಟಿದರೆ ಪ್ರಾಣ ಹೋಗುತ್ತೆ. ಅದನ್ನು ಬಸಿಯಲು ಒಳಗೆ ರೆಸಿಸ್ಟರ್ ಇಟ್ಟಿರ್ತಾರೆ, ಆದರೆ ಹಳೇ ಡಬ್ಬಿಯಲ್ಲಿ ಅದು ಸುಟ್ಟುಹೋಗಿರಬಹುದು. ಸೆಕೆಂಡ್ ಹ್ಯಾಂಡ್ ವಾಲ್ವ್ ಆಂಪ್ಲಿಫೈಯರ್ ಅಗ್ಗಕ್ಕೆ ಸಿಕ್ತು ಅಂತ ಮನೆಗೆ ತಂದು ಮುಚ್ಚಳ ಬಿಚ್ಚಬೇಡಿ. ಇದನ್ನು ನಾನು ಹೆದರಿಸೋಕೇ ಹೇಳ್ತಿದ್ದೀನಿ. ಇತ್ತೀಚಿನ ಟ್ರಾನ್ಸಿಸ್ಟರ್ ಆಂಪ್ಲಿಫೈಯರುಗಳು 50 ವೋಲ್ಟ್ ಹಿಡಿದದ್ದು ಈ ಎರಡು ಕಷ್ಟಗಳ ನಡುವಿನ ದಾರಿಯಾಗಿ.

ಇನ್ನು ನನ್ನ ಸೆಟ್ ಸುಟ್ಟ ಕಥೆ. ನನ್ನ ಹತ್ತಿರ ಇದ್ದದ್ದು ಪರಿಚಯದವರೊಬ್ಬರು ಕೈಯಲ್ಲೇ ಕಟ್ಟಿದ ಹಳೇ ಸಪ್ಲೈ. ದೊಡ್ಡ ಟ್ರಾನ್ಸ್‌ಫಾರ್ಮರ್, ಸಾಲಾಗಿ 2ಎನ್3055 ಟ್ರಾನ್ಸಿಸ್ಟರುಗಳು. ಬೆಂಗಳೂರಿನ ಎಸ್.ಪಿ. ರೋಡಿನಲ್ಲಿ ಸುತ್ತಿದವರಿಗೆ ಈ ಹೆಸರು ಗೊತ್ತು. ಇಂಥ ಸಪ್ಲೈನಲ್ಲಿ ಟ್ರಾನ್ಸ್‌ಫಾರ್ಮರ್ 20 ವೋಲ್ಟಿಗೂ ಹೆಚ್ಚು ಕೊಡುತ್ತೆ, ಟ್ರಾನ್ಸಿಸ್ಟರುಗಳು ಅದನ್ನು ತಡೆದು 13.8ಕ್ಕೆ ಇಳಿಸ್ತವೆ. ಒಂದು ಸಂಜೆ ಮಳೆ, ಕರೆಂಟ್ ಹೋಗಿ ಬಂತು, ಮತ್ತೆ ಹೋಗಿ ಬಂತು. ಒಂದು ಟ್ರಾನ್ಸಿಸ್ಟರ್ ಒಳಗೇ ಶಾರ್ಟ್ ಆಯ್ತು. ತಡೆಯುವ ಬಾಗಿಲೇ ಮುರಿದ ಹಾಗೆ. ಪೂರಾ ವೋಲ್ಟೇಜ್ ಸೆಟ್ಟಿಗೆ ನುಗ್ಗಿತು. ಮೊದಲು ವಾಸನೆ ಬಂತು, ಹೊಗೆ ಆಮೇಲೆ. ಎರಡು ವರ್ಷ ಕೂಡಿಟ್ಟ ದುಡ್ಡು.

ಆಮೇಲೆ ತಿಳಿದದ್ದು: ಇದಕ್ಕೆ 'ಕ್ರೋಬಾರ್' ಅನ್ನೋ ಕಾವಲು ಇರುತ್ತೆ. ಕ್ರೋಬಾರ್ ಅಂದರೆ ನಮ್ಮ ಹಾರೆ. ವೋಲ್ಟೇಜ್ ಮಿತಿ ಮೀರಿದ ತಕ್ಷಣ ಪ್ಲಸ್ ಮೈನಸ್ ಮೇಲೆ ಅಡ್ಡಲಾಗಿ ಹಾರೆ ಬಿದ್ದ ಹಾಗೆ ಶಾರ್ಟ್ ಮಾಡಿ ಫ್ಯೂಸ್ ಸುಡಿಸುತ್ತೆ. ಫ್ಯೂಸ್ ಹೋಗುತ್ತೆ, ಸೆಟ್ ಉಳಿಯುತ್ತೆ. ನನ್ನ ಡಬ್ಬಿಯಲ್ಲಿ ಅದಿರಲಿಲ್ಲ. ಕೊಳ್ಳುವ ಮುಂಚೆ ಇದೊಂದು ಕೇಳಿ. ಇನ್ನೊಂದು, ಡಬ್ಬಿ ಮೇಲೆ ದೊಡ್ಡದಾಗಿ ಬರೆದ ಆಂಪಿಯರ್ ನಂಬಬೇಡಿ. '35' ಅಂತ ಎದುರಿಗೆ ಇದ್ದರೆ, ಬಿಡದೆ ಕೊಡೋದು 25 ಅಂತ ಒಳಗೆಲ್ಲೋ ಸಣ್ಣಕ್ಷರದಲ್ಲಿ ಇರುತ್ತೆ.

ಸ್ವಿಚಿಂಗ್ ಸಪ್ಲೈ, ಅಂದರೆ ಎಸ್‌ಎಂಪಿಎಸ್, ಬೇರೆ ಜಾತಿ. ಕರೆಂಟನ್ನು ಸೆಕೆಂಡಿಗೆ ಹತ್ತಾರು ಸಾವಿರ ಸಲ ಕತ್ತರಿಸಿ ಪುಟ್ಟ ಟ್ರಾನ್ಸ್‌ಫಾರ್ಮರಿನಲ್ಲೇ ಕೆಲಸ ಮುಗಿಸುತ್ತೆ. 1977ರ ಆಪಲ್ 2 ಕಂಪ್ಯೂಟರಿನಲ್ಲಿ ರಾಡ್ ಹೋಲ್ಟ್ ಇಂಥದ್ದನ್ನೇ ಕೂರಿಸಿದ್ದ. ಇವತ್ತು ನಿಮ್ಮ ಮೊಬೈಲ್ ಚಾರ್ಜರ್ ಕೂಡ ಅದೇ. ಹ್ಯಾಮ್‌ಗಳಿಗೆ ಇದರ ಮೇಲೆ ಸಿಟ್ಟು, ಯಾಕಂದರೆ ಕಳಪೆಯದ್ದು ಕತ್ತರಿಸುವ ಸದ್ದನ್ನೆಲ್ಲ ರೇಡಿಯೋದಲ್ಲಿ ಕೇಳಿಸುತ್ತೆ. ಆದರೆ ಹಳ್ಳಿಯವನಾಗಿ ನನ್ನ ಮತ ಇದಕ್ಕೇ. ಪಂಪ್‌ಸೆಟ್ಟಿಗೆ ತ್ರೀಫೇಸ್ ಕೊಟ್ಟ ಹೊತ್ತಿನಲ್ಲಿ ನಮ್ಮನೆಯ ವೋಲ್ಟೇಜ್ 170ಕ್ಕೆ ಇಳಿಯುತ್ತೆ. ಟ್ರಾನ್ಸ್‌ಫಾರ್ಮರ್ ಸಪ್ಲೈ ಆಗ 13.8 ಹಿಡಿಯಲಾರದೆ ಗುಂಯ್ ಅನ್ನುತ್ತೆ, ಅದೇ ನೂರು ವರ್ಷದ ಹಳೇ ಗುಂಯ್. ಒಳ್ಳೆ ಎಸ್‌ಎಂಪಿಎಸ್ ತಡ್ಕೊಳ್ಳುತ್ತೆ.

ಕರೆಂಟೇ ಇಲ್ಲದಾಗ? ಅದಕ್ಕೆ ಎಸ್‌ಎಂಪಿಎಸ್ ಜೊತೆಗೆ ಒಂದು ಟ್ರ್ಯಾಕ್ಟರ್ ಬ್ಯಾಟರಿ ಇಟ್ಟುಕೊಂಡಿದ್ದೀನಿ, ನಡುವೆ ಚಾರ್ಜರ್, ಪ್ಲಸ್ ವೈರಿಗೆ ಬ್ಯಾಟರಿ ಪಕ್ಕದಲ್ಲೇ ಫ್ಯೂಸ್. ಮೊದಲು ಅದನ್ನು ಮೇಜಿನ ಕೆಳಗೇ ಇಟ್ಟಿದ್ದೆ. ಒಂದು ದಿನ ಎಳೆಯುವಾಗ ಆಸಿಡ್ ತುಳುಕಿ ಅಜ್ಜಿಯ ಕಾಲದ ಕೆಂಪು ರೆಡಾಕ್ಸೈಡ್ ನೆಲದಲ್ಲಿ ಅಂಗೈ ಅಗಲದ ಬಿಳಿ ಕಲೆ ಬಿತ್ತು. ಈಗ ಬ್ಯಾಟರಿ ಇರೋದು ಹೊರಗೆ, ಜಗಲಿಯ ಮೇಲೆ. ಗಾಳಿಯೂ ಆಡುತ್ತೆ, ಅಮ್ಮನ ಬೈಗುಳವೂ ಸ್ವಲ್ಪ ಕಡಿಮೆ.