ಕಲ್ಯಾಣದ ಖಾಡಿ ಮತ್ತು ‘ಟ್ರಿಂಕೋಮಲಿ’ ನೌಕೆ

ಉಲ್ಹಾಸ ನದಿಯು ಸಮುದ್ರದ ಉಬ್ಬರವಿಳಿತಗಳೊಡನೆ ಬೆರೆಯುವ ಈ ಖಾಡಿಯ ದಡದಲ್ಲಿ, 1657ರಲ್ಲಿ ಕಲ್ಯಾಣ, ಭಿವಂಡಿಗಳನ್ನು ಜಯಿಸಿದ ಶಿವಾಜಿ ಮಹಾರಾಜರು ದುರ್ಗಾಡಿ ಕೋಟೆಯ ಆಶ್ರಯದಲ್ಲಿ ನೌಕಾನಿರ್ಮಾಣವನ್ನು ಆರಂಭಿಸಿ, ಪೋರ್ಚುಗೀಸ್ ಕುಶಲಕರ್ಮಿಗಳನ್ನೂ ಆ ಕಾರ್ಯದಲ್ಲಿ ನಿಯೋಜಿಸಿದರು. ಆ ಹಡಗುಗಳು ಇಂದು ಉಳಿದಿಲ್ಲವಾದರೂ, ಈ ಕರಾವಳಿಯ ಮರಗೆಲಸದ ಕೌಶಲಕ್ಕೆ ನೆರೆಯ ಮುಂಬಯಿಯಲ್ಲಿ ಜನಿಸಿದ ನೌಕೆಯೊಂದು ಸಾಕ್ಷಿಯಾಗಿದೆ.

ನೆಪೋಲಿಯನ್ನನ ಯುದ್ಧಗಳಿಂದಾಗಿ ಇಂಗ್ಲೆಂಡಿನಲ್ಲಿ ಓಕ್ ಮರವು ದುರ್ಲಭವಾಗಿದ್ದ ಕಾಲದಲ್ಲಿ, ಪಾರಸೀ ನೌಕಾಶಿಲ್ಪಿ ಜಮ್‌ಷೆಟ್‌ಜಿ ಬೊಮಾನ್‌ಜಿ ವಾಡಿಯಾ ಅವರು ಮಲಬಾರಿನ ತೇಗದಿಂದ ರಚಿಸಿದ ‘ಟ್ರಿಂಕೋಮಲಿ’ ಎಂಬ ಹಾಯಿಯ ಯುದ್ಧನೌಕೆಯು 1817ರ ಅಕ್ಟೋಬರ್ 12ರಂದು ನೀರಿಗಿಳಿಯಿತು. ಮುಂದೆ ‘ಫುಡ್ರೊಯಾಂಟ್’ ಎಂಬ ಹೆಸರಿನಲ್ಲಿ 1986ರವರೆಗೆ ತರುಣರ ತರಬೇತಿಗೆ ಬಳಕೆಯಾದ ಅದನ್ನು, ಇಂಗ್ಲೆಂಡಿನ ಹಾರ್ಟಲ್‌ಪೂಲ್ ಬಂದರಿಗೆ ಸಾಗಿಸಿ, 1990ರಿಂದ 2001ರವರೆಗೆ ಜೀರ್ಣೋದ್ಧಾರಗೈದು, ಕೂವೆಕಂಬಗಳನ್ನೂ ಹಗ್ಗಗಳನ್ನೂ ಪೂರ್ವರೂಪದಲ್ಲಿ ನಿಲ್ಲಿಸಿ, ಮೊದಲಿನ ಹೆಸರನ್ನೇ ಮರಳಿ ಇರಿಸಲಾಯಿತು.

ತೇಗವು ತನ್ನಲ್ಲಡಗಿದ ತೈಲಾಂಶದಿಂದ ಕೊಳೆತವನ್ನೂ ಕೀಟಬಾಧೆಯನ್ನೂ ಸಹಿಸಿಕೊಳ್ಳಬಲ್ಲದಾದುದರಿಂದ, ಒಡಲಿನ ಬಹುಭಾಗದಲ್ಲಿ ಮೂಲ ಮರವೇ ಇಂದಿಗೂ ಉಳಿದಿದೆ. ನೀರಿನಲ್ಲಿ ಇನ್ನೂ ತೇಲುತ್ತಿರುವ ಬ್ರಿಟಿಷ್ ಯುದ್ಧನೌಕೆಗಳಲ್ಲಿ ಇದುವೇ ಅತ್ಯಂತ ಪ್ರಾಚೀನವಾದುದು.